ಕೋಳಿ ತಿನ್ನುತ್ತೇನೆ, ಮೀನು ಆಗುವುದಿಲ್ಲ: ಇದು ನನ್ನ ಆಯ್ಕೆಯೇ, ಬೆಳೆದ ಮನೆಯದೇ?

ಪ್ರಶ್ನೆ: ನನಗೆ 34 ವರ್ಷ. ಹುಟ್ಟಿ ಬೆಳೆದದ್ದು ಉಡುಪಿಯಲ್ಲಿ, ಶಿವಳ್ಳಿ ಬ್ರಾಹ್ಮಣರ ಮನೆಯಲ್ಲಿ. ಈಗ ಮಂಗಳೂರಿನಲ್ಲಿ ಕೆಲಸ. ನಮ್ಮದು ಪ್ರೇಮ ವಿವಾಹ, ಹೆಂಡತಿ ಬಂಟರ ಮನೆಯವಳು. ಓದುವಾಗ ಹಾಸ್ಟೆಲಿನಲ್ಲಿ ಚಿಕನ್ ತಿನ್ನಲು ಕಲಿತೆ, ಈಗಲೂ ತಿನ್ನುತ್ತೇನೆ. ಆದರೆ ಮೀನು ಮಾತ್ರ ಆಗುವುದೇ ಇಲ್ಲ. ಹತ್ತಿರ ತಂದರೆ ಹೊಟ್ಟೆ ತೊಳಸುತ್ತದೆ. ಯಾರಾದರೂ ಯಾಕೆ ಅಂತ ಕೇಳಿದರೆ 'ಪ್ರಾಣಿಹಿಂಸೆ ಅಲ್ವಾ' ಎನ್ನುತ್ತೇನೆ. ಕೋಳಿ ತಿನ್ನುವವನು ಹೀಗೆ ಹೇಳುವಾಗ ನನಗೇ ನಗು ಬರುತ್ತದೆ. ಹೆಂಡತಿ ನನ್ನೆದುರು ಮೀನು ಮಾಡುವುದಿಲ್ಲ. ತವರಿಗೆ ಹೋದಾಗ ಅಥವಾ ನನಗೆ ನೈಟ್ ಶಿಫ್ಟ್ ಇದ್ದಾಗ ತಿನ್ನುತ್ತಾಳೆ. ಈ ಬಗ್ಗೆ ಜಗಳವೇನೂ ಇಲ್ಲ. ಮಗಳಿಗೆ ಮೂರು ವರ್ಷ, ತಾಯಿ ಕಡೆಯ ಅಜ್ಜಿಮನೆಯಲ್ಲಿ ಅವಳಿಗೆ ಮೀನಿನ ರುಚಿ ಹತ್ತಿದೆ. ನಾನು ಚಿಕನ್ ತಿನ್ನುವುದಾಗಲಿ, ಮಗಳು ಮೀನು ತಿನ್ನುವುದಾಗಲಿ ನನ್ನಮ್ಮನಿಗೆ ಗೊತ್ತಿಲ್ಲ. ನಾನು ತಿನ್ನುವುದು, ಬಿಡುವುದು ನಿಜವಾಗಿ ನನ್ನ ಆಯ್ಕೆಯೇ? ಮಗಳಿಗೆ ಏನು ಕಲಿಸಬೇಕು?

ಉತ್ತರ: ನಿಮಗೆ ಬರುವ ಆ ನಗುವಿನಿಂದಲೇ ಶುರು ಮಾಡೋಣ. ಮೊದಲು ಪ್ರಾಣಿಹಿಂಸೆಯ ಯೋಚನೆ ಬಂದು, ಆಮೇಲೆ ಮೀನು ಬೇಡವಾದದ್ದಲ್ಲ. ಮೊದಲು ಹೊಟ್ಟೆ ತೊಳಸಿತು. ಯಾರೋ ಯಾಕೆ ಅಂತ ಕೇಳಿದರು. ಕೈಗೆ ಸಿಕ್ಕ ಮರ್ಯಾದಸ್ಥ ಕಾರಣವೊಂದನ್ನು ನೀವು ಕೊಟ್ಟಿರಿ. ಇದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ, ತಿನ್ನುವವರೂ ಇದನ್ನೇ ಮಾಡುತ್ತಾರೆ. 2015ರಲ್ಲಿ ಜೇರೆಡ್ ಪಿಯಾಝಾ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಜೊತೆಗಾರರು ಮಾಂಸ ತಿನ್ನುವುದು ಯಾಕೆ ಸರಿ ಎಂದು ಜನರನ್ನು ಕೇಳಿದರು. ಬಂದ ಉತ್ತರಗಳಲ್ಲಿ ಹೆಚ್ಚಿನವು ನಾಲ್ಕೇ ಬಗೆಯವು: ಮನುಷ್ಯನಿಗೆ ಅದು ಸಹಜ, ಎಲ್ಲರೂ ತಿನ್ನುತ್ತಾರೆ, ದೇಹಕ್ಕೆ ಬೇಕು, ರುಚಿಯಾಗಿದೆ. ಅವರು ಕೇಳಿದ್ದು ಪರದೇಶದಲ್ಲಿ. ಮಂಗಳೂರಿನ ಮೀನುಗಾರಿಕೆ ಧಕ್ಕೆಯಲ್ಲಿ ಕೇಳಿದ್ದರೆ 'ಕರಾವಳಿಯವರು ಮೀನು ತಿನ್ನದೆ ಇರೋದು ಹೇಗೆ ಮಾರಾಯ್ರೆ' ಅಂತ ಬರುತ್ತಿತ್ತು. ಮಾತು ಬೇರೆ, ಅರ್ಥ ಅದೇ. ಯಾರೂ 'ನಮ್ಮಮ್ಮ ಮಾಡುತ್ತಿದ್ದರು, ಅದಕ್ಕೆ' ಅನ್ನುವುದಿಲ್ಲ. ನಿಜವಾದ ಕಾರಣ ಬಹುಪಾಲು ಅದೇ.

ನಾಲಿಗೆಯ ಪಾಠ ನಾವು ಅಂದುಕೊಂಡದ್ದಕ್ಕಿಂತ ಬಹಳ ಮೊದಲೇ ಶುರುವಾಗುತ್ತದೆ. ಹುಟ್ಟಿದ ಮಗುವಿಗೆ ಸಿಹಿ ಇಷ್ಟ, ಕಹಿ ಬೇಡ. ಇಷ್ಟು ಯಾರೂ ಕಲಿಸಿದ್ದಲ್ಲ. ಉಳಿದದ್ದರಲ್ಲಿ ಹೆಚ್ಚಿನದು ಕಲಿತದ್ದು, ಅದೂ ತಾಯಿಯ ಹೊಟ್ಟೆಯೊಳಗಿಂದಲೇ. ತಾಯಿ ಬೆಳ್ಳುಳ್ಳಿ ತಿಂದರೆ ಎದೆಹಾಲಿಗೆ ಅದರ ವಾಸನೆ ಬರುತ್ತದೆ, ಆ ಹಾಲನ್ನು ಮಗು ಹೆಚ್ಚು ಹೊತ್ತು ಕುಡಿಯುತ್ತದೆ ಎಂದು ಜೂಲಿ ಮೆನೆಲ್ಲಾ ಎಂಬ ವಿಜ್ಞಾನಿ 1991ರಲ್ಲೇ ತೋರಿಸಿದ್ದರು. 2001ರಲ್ಲಿ ಅವರು ಇನ್ನೊಂದು ಪ್ರಯೋಗ ಮಾಡಿದರು. ಬಸುರಿನ ಕೊನೆಯ ತಿಂಗಳುಗಳಲ್ಲಿ ಅಥವಾ ಹಾಲೂಡಿಸುವಾಗ ಕ್ಯಾರೆಟ್ ರಸ ಕುಡಿದ ತಾಯಂದಿರ ಮಕ್ಕಳು, ಮುಂದೆ ಕ್ಯಾರೆಟ್ ಬೆರೆಸಿದ ಊಟ ಕೊಟ್ಟಾಗ ಮುಖ ಸಿಂಡರಿಸಿದ್ದು ಕಡಿಮೆ. ಪ್ರಯೋಗ ನಡೆದದ್ದು ಕ್ಯಾರೆಟ್ಟಿನಲ್ಲಿ, ಬಂಗುಡೆ ಮೀನಿನಲ್ಲಲ್ಲ. ಆದರೆ ರುಚಿ ಮನೆಯಿಂದ ಮಗುವಿಗೆ ದಾಟುವ ದಾರಿ ಇದು. ನಿಮ್ಮಮ್ಮ ಬಸುರಿಯಾಗಿದ್ದಾಗ ಉಂಡದ್ದು ಇಂಗಿನ ಒಗ್ಗರಣೆಯ ಸಾರು, ಗುಳ್ಳದ ಕೊದ್ದೆಲು, ಬೆಳ್ಳುಳ್ಳಿ ಕೂಡ ಬಹುಶಃ ಇಲ್ಲ. ನಿಮ್ಮ ಮಗಳ ಕಥೆ ಅಲ್ಲಿಂದಲೇ ಬೇರೆ.

ಇನ್ನು ಹೇಸಿಗೆ. ಇದರ ಬಗ್ಗೆ ಅತಿ ಹೆಚ್ಚು ಕೆಲಸ ಮಾಡಿದವರು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಾಲ್ ರೋಝಿನ್. ಎರಡು ವರ್ಷದೊಳಗಿನ ಮಕ್ಕಳಿಗೆ ಹೇಸಿಗೆ ಅನ್ನುವುದೇ ಇರುವುದಿಲ್ಲ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಮಕ್ಕಳನ್ನು ಸಾಕಿದವರಿಗೆ ಇದು ಗೊತ್ತೇ ಇದೆ. ಆಮೇಲೆ ಅದು ಹತ್ತುವುದು ದೊಡ್ಡವರ ಮುಖ ನೋಡಿ. 'ಛೀ' ಅಂದ ಅಮ್ಮನ ಮೂಗು, ಹಿಂದೆ ಸರಿದ ಅಪ್ಪನ ಕೈ. ಪಾಠ ಅಷ್ಟೇ, ವಿವರಣೆ ಬೇಕಾಗಿಲ್ಲ. ರೋಝಿನ್ ಅವರ ಪ್ರಯೋಗವೊಂದರಲ್ಲಿ ಸತ್ತ ಜಿರಳೆಯನ್ನು ರೋಗಾಣು ಇಲ್ಲದ ಹಾಗೆ ಶುದ್ಧ ಮಾಡಿ ಜ್ಯೂಸಿನಲ್ಲಿ ಅದ್ದಿ ತೆಗೆದರು. ಶುದ್ಧವಾಗಿದೆ ಎಂದು ಗೊತ್ತಿದ್ದೂ ಜನರಿಗೆ ಆ ಜ್ಯೂಸ್ ಬೇಡವಾಯಿತು. ಇದನ್ನು ಓದಿ ನಮ್ಮೂರಿನವರು ಆಶ್ಚರ್ಯಪಡಬೇಕಾಗಿಲ್ಲ. ಎಂಜಲು, ಮುಸುರೆ, ಮಡಿ ಇವುಗಳ ನಡುವೆ ಬೆಳೆದವರಿಗೆ 'ತಾಗಿತು' ಅನ್ನುವುದು ಏನೆಂದು ಚೆನ್ನಾಗಿ ಗೊತ್ತು. ಮೀನು ಹುರಿದ ಕಾವಲಿಯನ್ನು ಎಷ್ಟೇ ತಿಕ್ಕಿ ತೊಳೆದಿದ್ದರೂ ಅದರಲ್ಲಿ ಹೊಯ್ದ ನೀರುದೋಸೆ ನಿಮಗೆ ಇಳಿಯುವುದಿಲ್ಲ, ಅಲ್ವಾ? ಅದು ತತ್ವವಲ್ಲ. ಕೊಳೆಯೂ ಅಲ್ಲ. ನಿಮಗೆ ಮಾತು ಪೂರ್ತಿ ಬರುವ ಮೊದಲೇ ಕೂತದ್ದು.

ಹಾಗಾದರೆ ಕೋಳಿ ಹೇಗೆ ಒಳಗೆ ಬಂತು? ಹಾಸ್ಟೆಲಿನ ಕೋಳಿ ಬಂದದ್ದು ಕೆಂಪು ಮಸಾಲೆ ಹಚ್ಚಿದ ಕಬಾಬ್ ಆಗಿ. ರೆಕ್ಕೆ ಇಲ್ಲ, ಕಣ್ಣಿಲ್ಲ, ಹಸಿ ವಾಸನೆ ಇಲ್ಲ. ಗೆಳೆಯರು ಸುತ್ತ ಕೂತಿದ್ದರು, ಬೇಡ ಎಂದರೆ ಒಂಟಿಯಾಗುವ ವಯಸ್ಸು. ಮೀನಿಗೆ ಈ ವೇಷ ಇಲ್ಲ. ಬೂತಾಯಿ ಮೀನು ತಟ್ಟೆಗೆ ಬರುವುದು ಹೆಚ್ಚಾಗಿ ಇಡಿಯಾಗಿ, ಕೆಲವೊಮ್ಮೆ ತಲೆಸಮೇತ. ಅದಕ್ಕೂ ಮೊದಲು ಮೆಟ್ಟುಕತ್ತಿಯ ಮುಂದೆ ಕೂತು ಈಜುರೆಕ್ಕೆ ಕತ್ತರಿಸಿ, ಪೊರೆ ಕೆರೆದು, ಕಿವಿರು ಕಿತ್ತು, ಹೊಟ್ಟೆ ಬಗೆದು ತೊಳೆಯುವ ಕೆಲಸ ಇದೆ. ಆ ನೀರು ಸಿಂಕಿಗೆ ಹೋದ ಮೇಲೂ ವಾಸನೆ ಮನೆಯಲ್ಲಿ ಉಳಿಯುತ್ತದೆ. ಕಡಲ ಮೀನಿನಲ್ಲಿ ಟ್ರೈಮೀಥೈಲಮೈನ್ ಆಕ್ಸೈಡ್ ಎಂಬ ವಸ್ತು ಇರುತ್ತದೆ. ಅದಕ್ಕೆ ವಾಸನೆಯಿಲ್ಲ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಟ್ರೈಮೀಥೈಲಮೈನ್ ಆಗಿ ಬದಲಿಸುತ್ತವೆ, ನಿಮ್ಮನ್ನು ಅಡುಗೆಮನೆಯಿಂದ ಓಡಿಸುವುದು ಮುಖ್ಯವಾಗಿ ಇದೇ. ಹುಳಿ ತಾಗಿದರೆ ಅದು ಗಾಳಿಗೆ ಏಳುವುದು ಕಡಿಮೆಯಾಗುತ್ತದೆ. ಮೀನಿನ ಹುಳಿಖಾರದ ಪುಳಿಮುಂಚಿಗೆ ಅಷ್ಟು ಹುಣಸೆ ಬೀಳುವುದು ರುಚಿಗೆ ಮಾತ್ರ ಅಲ್ಲ. ನಿಮ್ಮ ಅತ್ತೆಗೆ ರಸಾಯನಶಾಸ್ತ್ರ ಗೊತ್ತಿರಬೇಕೆಂದಿಲ್ಲ, ಹುಣಸೆ ಎಷ್ಟು ಅಂತ ಗೊತ್ತು.

ಈಗ ನಿಮ್ಮ ಹೆಂಡತಿಯ ಮನೆ ಕಡೆ ನೋಡೋಣ. 'ಅವರು ಎಲ್ಲ ತಿನ್ನುವವರು' ಅಂತ ನಿಮ್ಮ ಕಡೆಯವರು ಹೇಳಿರುತ್ತಾರೆ. ಅದು ತಪ್ಪು. ಅಲ್ಲೂ ನಿಯಮಗಳು ಬೇಕಾದಷ್ಟಿವೆ. ಸೋಮವಾರ ಕೆಲವು ಮನೆಗಳಲ್ಲಿ ಇಲ್ಲ, ಶನಿವಾರ ಕೆಲವು ಮನೆಗಳಲ್ಲಿ ಇಲ್ಲ, ಸಂಕ್ರಾಂತಿಗೆ ಇಲ್ಲ, ನಾಗರಪಂಚಮಿಗೆ ಅಂತೂ ಇಲ್ಲವೇ ಇಲ್ಲ. ದೈವಕ್ಕೆ ಕೋಳಿ ಕೊಡುವ ಕುಟುಂಬವೇ ನಾಗನ ತಂಬಿಲ ಪೂಜೆಗೆ ಮೀನು ಮುಟ್ಟದೆ ಹೋಗುತ್ತದೆ. ಶಬರಿಮಲೆಗೆ ಮಾಲೆ ಹಾಕಿದವರು 41 ದಿನ ಬಿಡುತ್ತಾರೆ, ಮಾಲೆ ತೆಗೆದ ಮೇಲೆ ಅಂಜಲ್ ಫ್ರೈ ಸಲೀಸಾಗಿ ಒಳಗೆ ಹೋಗುತ್ತದೆ. ಇಲ್ಲೇ ಇರುವುದು ವ್ಯತ್ಯಾಸ. ಅವರಲ್ಲಿ ಇರುವುದು ನಿಯಮ, ಹೇಸಿಗೆ ಇಲ್ಲ. ನಿಮ್ಮಲ್ಲಿ ಉಲ್ಟಾ. ಕೋಳಿ ತಿಂದು ನಿಯಮ ಮುರಿದಿದ್ದೀರಿ, ಆದರೆ ಮೀನಿನ ಮೇಲಿನ ಹೇಸಿಗೆ ಹಾಗೇ ಕೂತಿದೆ. ನಿಯಮವನ್ನು ಒಂದು ಸಂಜೆಯಲ್ಲಿ ಮುರಿಯಬಹುದು. ಹೇಸಿಗೆ ನಿಮ್ಮ ಮಾತು ಕೇಳುವುದಿಲ್ಲ.

ಕರಾವಳಿಯ ಬೇರೆ ಮನೆಗಳಿಗೆ ಹೋದರೂ ಇದೇ. ಕೊಂಕಣಿ ಮಾತಾಡುವ ಸಾರಸ್ವತರಲ್ಲಿ ಬ್ರಾಹ್ಮಣರಾಗಿಯೇ ಮೀನು ತಿನ್ನುವ ಮನೆಗಳು ಎಷ್ಟೋ. ಅವರಿಗೂ ಏಕಾದಶಿ ಇದೆ, ಶ್ರಾವಣ ಇದೆ. ಹಂದಿ ಬಫಾತ್ ಮಾಡುವ ಕ್ಯಾಥೊಲಿಕರ ಮನೆಯಲ್ಲಿ ತಪಸ್ಸುಕಾಲದ ಶುಕ್ರವಾರ ಮಾಂಸ ಇಲ್ಲ. ಬ್ಯಾರಿ ಮುಸ್ಲಿಮರಿಗೆ ಹಲಾಲ್ ಆಗಬೇಕು, ಹಂದಿ ದೂರದ ಮಾತು. ಮೂಡುಬಿದಿರೆ, ಕಾರ್ಕಳದ ಜೈನರಲ್ಲಿ ಕಟ್ಟುನಿಟ್ಟಿನವರು ನೆಲದಡಿ ಬೆಳೆಯುವ ಬಟಾಟೆ, ನೀರುಳ್ಳಿಯನ್ನೂ ಬಿಡುತ್ತಾರೆ, ಕತ್ತಲಾದ ಮೇಲೆ ಉಣ್ಣುವುದಿಲ್ಲ. ಅವರ ಲೆಕ್ಕದಲ್ಲಿ ಬಟಾಟೆ ಪಲ್ಯದ ಮಸಾಲೆದೋಸೆ ತಿನ್ನುವ ನಿಮ್ಮಮ್ಮನ ಊಟವೂ ಪೂರ್ತಿ ಶುದ್ಧವಲ್ಲ. ನಿಮ್ಮ ಮನೆಯಲ್ಲೂ ಚಾತುರ್ಮಾಸ್ಯದ ಮೊದಲ ತಿಂಗಳು ತರಕಾರಿಯೇ ನಿಷಿದ್ಧವಾಗಿದ್ದ ಕಾಲ ನೆನಪಿರಬಹುದು. 2021ರಲ್ಲಿ ಪ್ರಕಟವಾದ ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆಯ ಸಮೀಕ್ಷೆಯಲ್ಲಿ ತಾವು ಸಸ್ಯಾಹಾರಿಗಳು ಎಂದ ಭಾರತೀಯರು ಶೇ. 39. ಆದರೆ ಯಾವುದಾದರೂ ಒಂದು ರೀತಿಯಲ್ಲಿ ಮಾಂಸಕ್ಕೆ ಮಿತಿ ಹಾಕಿಕೊಂಡವರು ಶೇ. 81. ವಾರ, ತಿಥಿ, ಪ್ರಾಣಿ, ಹೀಗೆ ಗೆರೆ ಎಲ್ಲೋ ಒಂದು ಕಡೆ ಹೆಚ್ಚಿನವರಿಗೆ ಇದೆ. ಕಡಲಿನದ್ದೇ ಒಂದು ಗೆರೆ ಬೇರೆ: ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ. ಮಳೆಗಾಲದ ತುಳು ತಿಂಗಳಾದ ಆಟಿಯಲ್ಲಿ ನಿಮ್ಮ ಅತ್ತೆ ಮನೆಯಲ್ಲೂ ಪತ್ರೊಡೆ, ಕಣಿಲೆ, ಹಲಸಿನ ಬೀಜ. ಒಣಮೀನು ಸುಟ್ಟರೆ ಆಯಿತು.

ಪ್ರಾಣಿಹಿಂಸೆಯ ಮಾತನ್ನು ನಾನು ತಳ್ಳಿಹಾಕುತ್ತಿಲ್ಲ. ಆ ಕಾರಣಕ್ಕೇ ಬಿಟ್ಟವರು ಇದ್ದಾರೆ, ಮೀನು ತಿನ್ನುವ ಮನೆಗಳಲ್ಲೇ ಹುಟ್ಟಿ ಬಿಟ್ಟವರೂ ಇದ್ದಾರೆ. ರೋಝಿನ್ ಮತ್ತು ಜೊತೆಗಾರರು 1997ರಲ್ಲಿ ಒಂದು ವಿಷಯ ಗಮನಿಸಿದರು. ಆರೋಗ್ಯಕ್ಕಾಗಿ ಮಾಂಸ ಬಿಟ್ಟವರಿಗಿಂತ ನೈತಿಕ ಕಾರಣಕ್ಕೆ ಬಿಟ್ಟವರಿಗೆ ಮಾಂಸದ ಮೇಲೆ ಹೇಸಿಗೆ ಜಾಸ್ತಿ. ಅಂದರೆ ತತ್ವದಿಂದಲೂ ಹೇಸಿಗೆಗೆ ದಾರಿ ಇದೆ. ಅದರ ಎದುರು ಬದಿಯೂ ಇದೆ. 2010ರಲ್ಲಿ ಸ್ಟೀವ್ ಲೌನನ್ ಮತ್ತು ಇಬ್ಬರು ಜೊತೆಗಾರರು ಕೆಲವರಿಗೆ ಒಣಗಿಸಿದ ದನದ ಮಾಂಸ, ಕೆಲವರಿಗೆ ಗೇರುಬೀಜ ತಿನ್ನಲು ಕೊಟ್ಟರು. ಆಮೇಲೆ ಯಾವ ಯಾವ ಪ್ರಾಣಿಗಳ ಬಗ್ಗೆ ನಮಗೆ ನೈತಿಕ ಕಾಳಜಿ ಇರಬೇಕು ಎಂದು ಕೇಳಿದರು. ಮಾಂಸ ತಿಂದವರ ಪಟ್ಟಿ ಚಿಕ್ಕದಾಯಿತು. ತಟ್ಟೆಯಲ್ಲಿ ಇರುವುದು ತಲೆಯನ್ನೂ ಸ್ವಲ್ಪ ತಿರುಗಿಸುತ್ತದೆ. ನಿಮ್ಮಲ್ಲಿ ಕೋಳಿ ಆ ಪಟ್ಟಿಯಿಂದ ಜಾರಿದೆ, ಬಂಗುಡೆ ಉಳಿದಿದೆ. ಹಿಂಸೆಯೇ ನಿಮ್ಮ ಚಿಂತೆಯಾಗಿದ್ದರೆ ಮೊದಲು ಬಿಡಬೇಕಾದದ್ದು ಕಬಾಬ್. ಬಿಡುವ ಮನಸ್ಸಿಲ್ಲದಿದ್ದರೆ, ಇನ್ನು ಮೇಲೆ ಕೇಳಿದವರಿಗೆ 'ನನಗೆ ಮೀನು ಆಗಲ್ಲ' ಅಂದುಬಿಡಿ. ಸಾಕು. ಮೀನು ತಿನ್ನುವವರ ಮುಂದೆ ಹಿಂಸೆಯ ಮಾತು ತೆಗೆದರೆ ಅವರ ಅಮ್ಮನ ಅಡುಗೆಗೇ ಬೈದ ಹಾಗಾಗುತ್ತದೆ.

ನಿಮ್ಮಮ್ಮನ ನಿಯಮವೂ ಆಕಾಶದಿಂದ ಬಿದ್ದದ್ದಲ್ಲ. ಯಜ್ಞದಲ್ಲಿ ಪಶುವಿನ ಬದಲು ಹಿಟ್ಟಿನ ಪಶು ಸಾಕು ಎಂದು ಉಡುಪಿಯ ಮಧ್ವಾಚಾರ್ಯರು 13ನೇ ಶತಮಾನದಲ್ಲಿ ಹೇಳಬೇಕಾಗಿ ಬಂತು. ಹೇಳಬೇಕಾಗಿ ಬಂತು ಅಂದರೆ ಅದಕ್ಕೆ ಮೊದಲು ಬೇರೆ ರೀತಿ ಇತ್ತು ಅಂತಲೇ. 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ನಾರಾಯಣ ಗುರುಗಳು ಪ್ರಾಣಿಬಲಿ ಬೇಡ, ಕಳ್ಳು ಬೇಡ ಎಂದರು. ಬಲಿ ಎಷ್ಟೋ ಕಡೆ ನಿಂತಿತು, ಮೀನು ನಿಲ್ಲಲಿಲ್ಲ. ಮಾಂಸ, ಹೆಂಡ ಬಿಟ್ಟು ಮೇಲಿನ ಜಾತಿಯ ನಡೆನುಡಿ ಅಳವಡಿಸಿಕೊಂಡು ಒಂದೆರಡು ತಲೆಮಾರಿನಲ್ಲಿ ಸಮಾಜದಲ್ಲಿ ಮೇಲೇರುವುದನ್ನು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಕೊಡಗನ್ನು ಅಧ್ಯಯನ ಮಾಡುತ್ತಾ ವಿವರಿಸಿದರು. ತಿನ್ನದವರು ಮೇಲೆ, ತಿನ್ನುವವರು ಕೆಳಗೆ ಎಂಬ ಏಣಿ ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಮೇಲಿನ ಮೆಟ್ಟಿಲಿನಲ್ಲಿ ನಿಂತವರಿಗೆ ಅದು ಕಾಣುವುದೇ ಇಲ್ಲ. 'ಸಸ್ಯಾಹಾರಿಗಳಿಗೆ ಮಾತ್ರ' ಅಂತ ಬಾಡಿಗೆ ಮನೆಯ ಜಾಹೀರಾತು ಮಂಗಳೂರಿನಲ್ಲೂ ಮಣಿಪಾಲದಲ್ಲೂ ನೋಡಿರುತ್ತೀರಿ. 'ಮೀನು ತಿನ್ನುವವರಿಗೆ ಮಾತ್ರ' ಅನ್ನುವುದನ್ನು ನೋಡಿದ್ದೀರಾ?

ಇದನ್ನು ಹೇಳಿದ್ದು ನಿಮ್ಮ ಪ್ರಶ್ನೆಯಲ್ಲಿ ನೀವು ಬೇಗ ದಾಟಿಹೋದ ಒಂದು ಸಾಲಿಗಾಗಿ. ಹೆಂಡತಿ ಮೀನು ತಿನ್ನುವುದು ತವರಿನಲ್ಲಿ, ಇಲ್ಲವೇ ನಿಮ್ಮ ನೈಟ್ ಶಿಫ್ಟಿನಲ್ಲಿ. ಜಗಳ ಇಲ್ಲ ಅಂತೀರಿ. ಜಗಳ ಇಲ್ಲದಿರುವುದು ಅವರು ಬಿಟ್ಟುಕೊಟ್ಟದ್ದರಿಂದ. ನೀವು ಬೆಳೆದ ರೀತಿ ನಿಮ್ಮ ಮನೆಯ ಕಾನೂನಾಗಿದೆ, ಅವರು ಬೆಳೆದ ರೀತಿ ಕದ್ದು ಮಾಡುವ ಕೆಲಸವಾಗಿದೆ. ನನ್ನ ಬಳಿ ಬರುವ ಇಂಥ ದಂಪತಿಗಳಲ್ಲಿ ಇದು ಬಹಳ ಸಲ ಕಾಣುತ್ತದೆ. ತಿನ್ನುವವರಿಗೆ ಎರಡೂ ಆಗುತ್ತದೆ, ತಿನ್ನದವರಿಗೆ ಒಂದೇ ಆಗುತ್ತದೆ, ಹಾಗಾಗಿ ಹೊಂದಿಕೊಳ್ಳುವುದು ಯಾವಾಗಲೂ ತಿನ್ನುವವರೇ. ಮೇಲ್ನೋಟಕ್ಕೆ ನ್ಯಾಯ ಅನ್ನಿಸುತ್ತದೆ. ಮಗು ಹೊಟ್ಟೆಯಲ್ಲಿದ್ದಾಗ ನಿಮ್ಮ ಹೆಂಡತಿಗೆ ಕಾಣೆ ಫ್ರೈ ತಿನ್ನಬೇಕು ಅನಿಸಿದ್ದರೆ ಅವರು ಯಾರಿಗೆ ಹೇಳಿದರು? ಕೇಳಿ ನೋಡಿ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಹೇಸಿಗೆ ನಿಮ್ಮ ಆಯ್ಕೆ ಅಲ್ಲ, ತಪ್ಪೂ ಅಲ್ಲ. ಆದರೆ ಅದರ ಖರ್ಚನ್ನು ಮನೆಯಲ್ಲಿ ಯಾರು ಭರಿಸಬೇಕು ಅನ್ನುವುದು ನಿಮ್ಮ ಆಯ್ಕೆ. ನೀವು ಮೀನು ತಿನ್ನಲು ಕಲಿಯಲೇಬೇಕೆಂದಿಲ್ಲ. ಮೀನು ಬೇಯುವ ಮನೆಯಲ್ಲಿ ಇರಲು ಕಲಿಯಬಹುದು. ಮಾರ್ಕೆಟ್ಟಿನಲ್ಲೇ ಕ್ಲೀನ್ ಮಾಡಿಸಿ ತಂದರೆ ವಾಸನೆಯ ಕೆಲಸ ಅರ್ಧ ಮುಗಿಯಿತು. ತಾಜಾ ಮೀನು ತನ್ನಿ, ಹಳತಾದಷ್ಟೂ ವಾಸನೆ ಜಾಸ್ತಿ. ತೊಳೆಯುವಾಗ ಹುಣಸೆ ಅಥವಾ ಲಿಂಬೆ ಹಚ್ಚಲಿ. ಮೀನಿಗೆ ಬೇರೆ ಕಾವಲಿ ಇಡಿ. ಇದು ಮಡಿಗಾಗಿ ಅಲ್ಲ, ನಿಮ್ಮ ನೀರುದೋಸೆ ನಿಮಗೆ ಇಳಿಯಲಿ ಎಂದು. ಮೊದಮೊದಲು ಹೊಟ್ಟೆ ತೊಳಸುತ್ತದೆ. ಹೊರಗೆ ಹೋಗಿ ಬನ್ನಿ. ಮೂಗು ಒಗ್ಗಿಕೊಳ್ಳುವ ಅಂಗ. ಮುಖ ಮಾತ್ರ ಕಿವುಚಬೇಡಿ, ಯಾಕೆಂದರೆ ಮಗಳು ನೋಡುತ್ತಿರುತ್ತಾಳೆ.

ಮಗಳ ವಿಷಯ ನೀವು ಅಂದುಕೊಂಡಷ್ಟು ಕಷ್ಟ ಇಲ್ಲ. ಎರಡರಿಂದ ಆರು ವರ್ಷದ ನಡುವೆ ಮಕ್ಕಳು ಹೊಸ ತಿಂಡಿಗೆ ಹೆದರುವುದು ಜಾಸ್ತಿ, ಒಂದೇ ಪದಾರ್ಥವನ್ನು ಎಂಟು ಹತ್ತು ಸಲ ಒತ್ತಾಯವಿಲ್ಲದೆ ಮುಂದಿಟ್ಟರೆ ಮಾತ್ರ ಕೆಲವನ್ನು ಒಪ್ಪುತ್ತಾರೆ. ಅವಳಿಗೆ ಮೀನು ಆಗಲೇ ಹಿಡಿಸಿದೆ, ಒಳ್ಳೆಯದಾಯಿತು. ಅಷ್ಟೇ ತಾಳ್ಮೆಯಿಂದ ಉಡುಪಿಯ ಕೊದ್ದೆಲು, ತಂಬುಳಿಯನ್ನೂ ಮುಂದಿಡಿ. ಮೂರು ವರ್ಷದ ಮಗುವಿಗೆ ಬೂತಾಯಿಯ ಸಣ್ಣ ಮುಳ್ಳು ಅಪಾಯ. ಕಾಣೆ, ಅಂಜಲ್, ಮಾಂಜಿ ವಾಸಿ, ಅದೂ ಬೆರಳಿನಲ್ಲಿ ಮುಟ್ಟಿ ನೋಡಿ ಮುಳ್ಳು ತೆಗೆದ ಮೇಲೆ. ಒಂದು ಅಜ್ಜಿಮನೆಯಲ್ಲಿ ಮೀನು, ಇನ್ನೊಂದರಲ್ಲಿ ಇಲ್ಲ ಎಂದರೆ ಮಗುವಿಗೆ ಗೊಂದಲವಾಗುತ್ತದೆ ಅಂತ ದೊಡ್ಡವರು ಹೆದರುತ್ತಾರೆ. ಆಗುವುದಿಲ್ಲ. ನಮ್ಮ ಮಕ್ಕಳು ಒಂದು ಅಜ್ಜಿಯ ಹತ್ತಿರ ತುಳು, ಇನ್ನೊಬ್ಬರ ಹತ್ತಿರ ಕನ್ನಡ ಮಾತಾಡುತ್ತಾ ಬೆಳೆಯುವ ಹಾಗೆ ಇದನ್ನೂ ಕಲಿಯುತ್ತಾರೆ. ನಾಳೆ ಶಾಲೆಯಲ್ಲಿ ಪಕ್ಕದ ಮಗು ಮೊಟ್ಟೆ ತಗೊಳ್ಳುತ್ತದೆ, ಇನ್ನೊಂದು ಬಾಳೆಹಣ್ಣು ತಗೊಳ್ಳುತ್ತದೆ. ಅದು ಅವಳಿಗೆ ಸುದ್ದಿಯೇ ಆಗಬಾರದು. ದೊಡ್ಡವಳಾದ ಮೇಲೆ ಎಲ್ಲ ಬಿಟ್ಟರೆ ಬಿಡಲಿ, ಆಗ ಅವಳ ಕಾರಣ ಅವಳದಾಗಿರುತ್ತದೆ. ಬಿಟ್ಟರೆ ವಿಟಮಿನ್ ಬಿ12 ಮಾತ್ರ ಪರೀಕ್ಷಿಸಿಕೊಳ್ಳಿ. ಅದು ಸಹಜವಾಗಿ ಸಿಗುವುದು ಪ್ರಾಣಿಮೂಲದ ಆಹಾರದಲ್ಲಿ, ಹಾಲು ಮೊಸರು ಸೇರಿ. ಈ ಪರೀಕ್ಷೆ ನಿಮ್ಮಮ್ಮನಿಗೂ ಒಮ್ಮೆ ಮಾಡಿಸಿದರೆ ಒಳ್ಳೆಯದು.

ಮಗುವಿಗೆ ಕಲಿಸಬಾರದ್ದು ಒಂದೇ: 'ಅಜ್ಜಿಗೆ ಹೇಳಬೇಡ'. ಮೂರು ವರ್ಷದವಳು ಗುಟ್ಟು ಉಳಿಸುವುದಿಲ್ಲ, ಅದು ಬೇರೆ ಮಾತು. ಉಳಿಸಲು ಕಲಿತರೆ ಇನ್ನೂ ಕಷ್ಟ. ತಾಯಿಯ ಮನೆಯ ಊಟ ನಾಚಿಕೆಯ ವಸ್ತು ಅಂತ ಅವಳಿಗೆ ಮನವರಿಕೆಯಾಗುತ್ತದೆ, ಮುಂದೆ ತಾಯಿಯನ್ನೇ ಹಾಗೆ ನೋಡಬಹುದು. ಆದ್ದರಿಂದ ನಿಮ್ಮಮ್ಮನಿಗೆ ನೀವೇ ಹೇಳಿ. ಮೊದಲು ಮಗಳ ಮೀನಿನ ವಿಷಯ. ಬಂಟರ ಮನೆಯ ಹುಡುಗಿಯನ್ನು ಸೊಸೆ ಎಂದು ಒಪ್ಪಿಕೊಂಡ ದಿನವೇ ಅವರು ಅರ್ಧ ಊಹಿಸಿರುತ್ತಾರೆ. ನಿಮ್ಮ ಚಿಕನ್ ವಿಷಯ ಹೇಳುವುದು ಕಷ್ಟ, ಅವರಿಗೆ ನೋವೂ ಆಗುತ್ತದೆ. ಅವರಿಗೆ ಅದು ಬರೀ ಊಟ ಅಲ್ಲ, ತಾನು ಮಗನಿಗೆ ಕೈಯಾರೆ ಕೊಟ್ಟದ್ದನ್ನು ಮಗ ಬೇಡ ಎಂದ ಹಾಗೆ. ವಾದ ಮಾಡಬೇಡಿ, ಮಧ್ವಾಚಾರ್ಯರನ್ನು ಅಂತೂ ಎಳೆದು ತರಬೇಡಿ. ಅವರ ಮನೆಯಲ್ಲಿ ಅವರ ನಿಯಮಕ್ಕೆ ನಡೆಯುತ್ತೀರಿ ಅಂತ ಹೇಳಿ, ಹಾಗೇ ನಡೆಯಿರಿ.

ಅವರು ನಾಲ್ಕು ದಿನಕ್ಕೆ ಮಂಗಳೂರಿಗೆ ಬಂದಾಗ ಏನು ಅಂತ ಕೇಳುತ್ತೀರಿ. ಆ ನಾಲ್ಕು ದಿನ ಮನೆಯಲ್ಲಿ ಮೀನು ಬೇಡ ಅಂತ ನಿಮ್ಮ ಹೆಂಡತಿಯೇ ಹೇಳುವ ಸಾಧ್ಯತೆ ಜಾಸ್ತಿ, ಬಂದವರಿಗೆ ಹೊಂದಿಕೊಳ್ಳುವುದು ಅವರ ಮನೆಯಲ್ಲೂ ರೂಢಿ. ಅವರು ಹೇಳಲಿ. ಅವರ ಪರವಾಗಿ ನೀವು ಮೊದಲೇ ಹೇಳಬೇಡಿ.